ಎಡಭಾಗದ ಹಳದಿ

೧

ಇದನ್ನು ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಎಡಗಡೆಯಿಂದ ಎಂದು ನೀವು ಹೇಳಬಹುದು, ನಾವು ಬರೆಯುವುದು ಎಡದಿಂದಲೇ ತಾನೆ. ಆದರೆ ತೊಂದರೆ ಇರುವುದೇ ಎಡಗಡೆಯಲ್ಲಿ.

ಕಣ್ಣಿನ ಮೇಷ್ಟ್ರ ಕೆಲಸದ ಕೋಣೆಗೆ ಹೊಸ ಕಂಪ್ಯೂಟರ್ ಬಂದಿತ್ತು. ಅದರ ಅಗಲವಾದ ಪರದೆಯ ಬಲಭಾಗ ಸರಿಯಾದ ಬಿಳಿ, ಎಡಭಾಗ ಕೊಂಚ ಹಳದಿ. ವಿಷಯ ಇಷ್ಟೇ. ಇದಕ್ಕೆ ಕತೆ ಯಾಕೆ, ಅಂಗಡಿಯವನಿಗೆ ಒಂದು ಫೋನ್ ಮಾಡಿದರೆ ಸಾಕಲ್ಲ ಎಂದು ನಿಮಗೆ ಅನ್ನಿಸಿದರೆ ನಿಮ್ಮ ತಪ್ಪಿಲ್ಲ. ಅವರು ಫೋನ್ ಮಾಡಿದ್ದೂ ಆಯಿತು, ಅವನು ಬಂದದ್ದೂ ಆಯಿತು. ಕತೆ ಹುಟ್ಟಿದ್ದು ಅವನು ಬಂದ ಮೇಲೆ.

(ಮೊದಲ ಕರಡಿನ ತಲೆಯ ಮೇಲೆ ಬೆಳಕನ್ನು ಕುರಿತು ನಾಲ್ಕು ಸಾಲಿನ ಪ್ರಾರ್ಥನೆ ಇತ್ತು. ನಾನು ಬೆಳೆದ ಮನೆಯಲ್ಲಿ ಪದ್ಯ ಓದಲು ಕೂತವರು ಮೊದಲು ಕಣ್ಣು ಮುಚ್ಚಿ ಏನಾದರೂ ಹೇಳಿಕೊಳ್ಳುತ್ತಿದ್ದರು, ಕೇಳಲು ಕೂತ ನಾವೂ ಕಣ್ಣು ಮುಚ್ಚುತ್ತಿದ್ದೆವು. ಆದರೆ ಕಣ್ಣಿನ ಕತೆಯನ್ನೇ ಕಣ್ಣು ಮುಚ್ಚಿ ಶುರು ಮಾಡುವುದು ಅತಿಯಾಯಿತು ಎನ್ನಿಸಿ ಹೊಡೆದುಹಾಕಿದೆ. ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ.)

೨

ಮೇಷ್ಟ್ರು ಯಾರೆಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಒಂದು ಕಣ್ಣು ಕಳೆದುಕೊಂಡವರಿಗೆ ಪ್ಲಾಸ್ಟಿಕ್ಕಿನ ಕಣ್ಣು ಮಾಡಿಕೊಡುವುದು ಅವರ ಕಸುಬು. ನಲವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತ ಬಂದಿರುವುದರಿಂದ ಬೀದಿಯವರು ತಾವೇ ಈ ಪದವಿ ಕೊಟ್ಟುಬಿಟ್ಟಿದ್ದಾರೆ. ಅಂಥ ಕಣ್ಣು ಗೋಲಿಯ ಹಾಗೆ ಗುಂಡಗಿರುತ್ತದೆ ಎಂದು ನಾನು ತಿಳಿದಿದ್ದೆ. ಅಲ್ಲ. ಅದು ಕಪ್ಪೆಚಿಪ್ಪಿನ ಹಾಗೆ ತೆಳ್ಳಗೆ, ರೆಪ್ಪೆಯ ಒಳಗೆ ಹೋಗಿ ಕೂರುವಂಥದ್ದು. ಚಿಪ್ಪನ್ನು ಎರಕ ಹೊಯ್ದು, ಉಜ್ಜಿ, ಹೊಳಪು ಕೊಡುವುದು ಮೇಷ್ಟ್ರ ಮಗಳ ಕೆಲಸ. ಬಣ್ಣ ಬರೆಯುವುದು ಮೇಷ್ಟ್ರ ಕೆಲಸ. ಅವರು ಮೊದಲು ನಾಲ್ಕೇ ಕೂದಲಿನ ಕುಂಚದಲ್ಲಿ ಪಾಪೆಯನ್ನು ಗೆರೆಗೆರೆಯಾಗಿ ಬರೆಯುತ್ತಾರೆ, ಆಮೇಲೆ ಕೆಂಪು ರೇಷ್ಮೆದಾರದ ಎಳೆ ಬಿಡಿಸಿ ನರಗಳನ್ನು ಅಂಟಿಸುತ್ತಾರೆ. ಎಲ್ಲ ಮುಗಿದ ಮೇಲೆ ಬಿಳುಪಿಗೆ ಬರುತ್ತಾರೆ. ಬಣ್ಣ ಒಣಗಿದ ಮೇಲೆ ಮಗಳು ಅದರ ಮೇಲೆ ಗಾಜಿನಂಥ ಪದರ ಹಾಕಿದರೆ ಕಣ್ಣು ತಯಾರು.

"ಕಪ್ಪು ಯಾರು ಬೇಕಾದ್ರೂ ಬರೀಬಹುದು. ಬಿಳಿ ಬರಿಯೋದೇ ಕಷ್ಟ" ಎನ್ನುತ್ತಿದ್ದರು ಮೇಷ್ಟ್ರು. ಯಾರ ಕಣ್ಣೂ ಬೆಳ್ಳಗಿರುವುದಿಲ್ಲ. ಚಿಕ್ಕ ಮಕ್ಕಳ ಬಿಳುಪಿನಲ್ಲಿ ತುಸು ನೀಲಿ ಇರುತ್ತದೆ. ವಯಸ್ಸಾದ ಹಾಗೆ ಅದು ಕೆನೆಗಟ್ಟುತ್ತದೆ, ಹಳದಿಗೆ ತಿರುಗುತ್ತದೆ. ಮೇಷ್ಟ್ರು ಬಿಳುಪನ್ನು ಪಕ್ಕದಲ್ಲಿಟ್ಟು ನೋಡಿ ಬರೆಯುವವರಲ್ಲ, ನೆನಪಿನಿಂದ ಬರೆಯುವವರು. ಮುಖ ನೋಡಿದರೆ ವಯಸ್ಸು ಗೊತ್ತಾಗುತ್ತದೆ, ವಯಸ್ಸು ಗೊತ್ತಾದರೆ ಬಿಳುಪು ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕ.

ಲೆಕ್ಕ ತಪ್ಪಿರಲಿಲ್ಲ. ಮೊದಲೆಲ್ಲ ವರ್ಷಕ್ಕೆ ಮೂರು ನಾಲ್ಕು ಕಣ್ಣಾದರೂ "ಬಣ್ಣ ಹೊಂದ್ತಿಲ್ಲ" ಎಂದು ವಾಪಸ್ ಬರುತ್ತಿದ್ದವು. ಕಳೆದ ಎರಡು ವರ್ಷದಲ್ಲಿ ಒಂದೂ ಬಂದಿಲ್ಲ.

"ಈಗ ಪಳಗಿದೆ ನೋಡು ಕೈ, ಅರವತ್ತೆಂಟಕ್ಕೆ" ಎಂದು ಅವರು ಮಗಳಿಗೆ ಹೇಳುತ್ತಿದ್ದರು. ಮಗಳು ಹೂಂ ಅನ್ನುತ್ತಿದ್ದಳು.

(ಈ ಹೂಂ ನೆನಪಿಟ್ಟುಕೊಳ್ಳಿ. ನಾಜೂಕಿನ ಲೇಖಕರು ಹೀಗೆ ಬೆರಳಿಟ್ಟು ತೋರಿಸುವುದಿಲ್ಲ. ನನಗೆ ಆ ನಾಜೂಕು ಒದಗಿಲ್ಲ.)

೩

ಬಂದಾಕೆ ಟೈಲರಕ್ಕ, ಐವತ್ತರ ಹೆಂಗಸು. ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಎಡಗಣ್ಣು ಹೋಗಿ ಎಂಟು ತಿಂಗಳಾಗಿತ್ತು. ಆ ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಬಡಿದುಕೊಳ್ಳುತ್ತಿತ್ತು, ಗಾಳಿ ಯಾವುದೋ ಅಶುಭವನ್ನು ಹೊತ್ತು

೩ (ಮತ್ತೆ)

"ಗಾಳಿಯೂ ಇರ್ಲಿಲ್ಲ, ಗೀಳಿಯೂ ಇರ್ಲಿಲ್ಲ" ಎಂದಳು ಟೈಲರಕ್ಕ. "ದಪ್ಪ ಬಟ್ಟೆ, ಸೂಜಿ ಮುರೀತು, ಹಾರ್ತು. ಅಷ್ಟೇ. ಕತೆ ಕಟ್ಟಬೇಡಿ."

ಕಟ್ಟುವುದಿಲ್ಲ. ಸೂಜಿ ಮುರಿಯಿತು, ಹಾರಿತು.

ಅಳತೆ, ಅಚ್ಚು ಎಲ್ಲ ಹಿಂದಿನ ವಾರವೇ ಮುಗಿದಿತ್ತು. ಈ ದಿನ ಮಗಳು ಆಕೆಯ ಬಲಗಣ್ಣಿನ ಫೋಟೋ ತೆಗೆದು ಹೊಸ ಪರದೆಯ ಮೇಲೆ ಹಾಕಿದಳು. ಕಣ್ಣು ಊಟದ ತಟ್ಟೆಗಿಂತ ದೊಡ್ಡದಾಗಿ ಕಂಡಿತು. ಟೈಲರಕ್ಕ ಉಳಿದ ಒಂದು ಕಣ್ಣಿನಲ್ಲಿ ಆ ಒಂದು ಕಣ್ಣನ್ನು ಸ್ವಲ್ಪ ಹೊತ್ತು ನೋಡಿದಳು.

"ನಂಗೆ ಕಾಮಾಲೆ ಏನಾದ್ರೂ ಆಗಿದ್ಯೇನಮ್ಮ? ಇತ್ಲಾ ಕಡೆ ಬೆಳ್ಳಗಿದೆ, ಅತ್ಲಾ ಕಡೆ ಹಳದಿ. ಒಂದೇ ಕಣ್ಣಲ್ಲಿ ಅರ್ಧ ಕಾಮಾಲೆ ಬರತ್ತಾ?"

ಮಗಳು ಫೋಟೋ ತೆಗೆದು ಪರದೆಯ ತುಂಬ ಬರೀ ಬಿಳಿ ಹಾಕಿದಳು. ಹೌದು. ಎಡಗಡೆ ಒಂದು ಗೇಣಿನಷ್ಟು ಅಗಲ, ಮೇಲಿನಿಂದ ಕೆಳಗಿನವರೆಗೆ, ಹಳೆಯ ಕಾಗದದ ಬಣ್ಣ ಕೂತಿತ್ತು.

"ಅಪ್ಪಾ, ಪರದೆ ಸರಿ ಇಲ್ಲ. ಎಡಗಡೆ ಹಳದಿ ಬರ್ತಿದೆ."

ಮೇಷ್ಟ್ರು ಕುಂಚ ಕೆಳಗಿಟ್ಟು ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಎಲ್ಲಿ?"

"ಇಲ್ಲಿಂದ ಇಲ್ಲಿಗೆ."

"ಎಲ್ಲಾ ಒಂದೇ ಥರ ಇದೆಯಲ್ಲೇ."

"ಇಲ್ಲ ಮೇಷ್ಟ್ರೇ" ಎಂದಳು ಟೈಲರಕ್ಕ. "ಒಂದೇ ತಾನಿನ ಬಟ್ಟೆ ಅಂತ ಹೇಳಿ ಎರಡು ತಾನಿಂದ ಕತ್ತರಿಸಿ ಕೊಟ್ಟಿರ್ತಾರಲ್ಲ, ಹಂಗಿದೆ."

"ಕಿಟಕಿ ಬೆಳಕು ಬೀಳ್ತಿರಬೇಕು."

ಮಗಳು ಕಿಟಕಿ ಮುಚ್ಚಿದಳು.

"ಈಗ?" ಎಂದಳು.

"ಈಗ ಏನು ಈಗ? ಆಗ ಹೆಂಗಿತ್ತೋ ಈಗ್ಲೂ ಹಂಗೇ ಇದೆ. ಹೊಸ ಸಾಮಾನು ಬಂದ್ರೆ ಮೂರು ದಿನ ಅದ್ರಲ್ಲಿ ಹುಳುಕು ಹುಡುಕೋದು ನಿನ್ನ ಅಭ್ಯಾಸ. ಆ ಗ್ರೈಂಡರ್ ತಂದಾಗ್ಲೂ ಹೀಗೇ ಮಾಡ್ದೆ."

"ಗ್ರೈಂಡರ್ ನಿಜವಾಗ್ಲೂ ಕೆಟ್ಟಿತ್ತು ಅಪ್ಪ."

"ಅದು ಬೇರೆ."

(ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬೇಕು, ಎತ್ತದಿದ್ದರೆ ನಾನೇ ಎತ್ತುತ್ತೇನೆ. ಒಂದು ಕಣ್ಣಿನ ದರ್ಜಿಗೆ ಕಾಣುವ ಬಣ್ಣ ಎರಡು ಕಣ್ಣಿನ ಕಣ್ಣುಗಾರನಿಗೆ ಕಾಣುವುದಿಲ್ಲ ಎಂದರೆ, ಬೇಕೆಂದೇ ಜೋಡಿಸಿದ ಹಾಗಿದೆ. ಒಪ್ಪಿದೆ. ಆಕೆಯನ್ನು ಗುಮಾಸ್ತೆ ಮಾಡಿ ಒಂದು ಕರಡು ಬರೆದೆ. ಗುಮಾಸ್ತೆ ಪರದೆಯತ್ತ ತಿರುಗಿಯೂ ನೋಡದೆ ಫೋನಿನಲ್ಲಿ ಮಾತಾಡುತ್ತ ಕೂತಳು. ಕತೆ ಅಲ್ಲೇ ನಿಂತಿತು. ಆದ್ದರಿಂದ ಟೈಲರಕ್ಕನೇ ಇರಲಿ.)

೪

ಆ ಪರದೆಯನ್ನು ಮಗಳು ಯಾಕೆ ತಂದಳು ಎಂಬುದನ್ನು ಕತೆಯ ಕೊನೆಗೆ ಹೇಳಬೇಕೆಂದು ಬಚ್ಚಿಟ್ಟಿದ್ದೆ. ಬಚ್ಚಿಟ್ಟು ಬಚ್ಚಿಟ್ಟು ನನಗೇ ಕಳ್ಳನ ಹಾಗೆ ಅನ್ನಿಸತೊಡಗಿದೆ. ಈಗಲೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಅಂಚೆಯವರೊಬ್ಬರು ತಮ್ಮ ಹೊಸ ಕಣ್ಣನ್ನು ಹಾಕಿಕೊಂಡು ಹೋದ ನಾಲ್ಕನೇ ದಿನ ತಿರುಗಿ ಬಂದರು. ನಿವೃತ್ತಿಗೆ ಹತ್ತಿರವಿದ್ದವರು, ಮೆಲುಮಾತಿನವರು. ಮೇಷ್ಟ್ರು ಊಟಕ್ಕೆ ಒಳಗೆ ಹೋಗಿದ್ದರು.

"ಕೋಪ ಮಾಡ್ಕೋಬೇಡಮ್ಮ. ಈ ಕಣ್ಣು ನನಗಿಂತ ಚಿಕ್ಕದು ಅನ್ಸತ್ತೆ."

"ಸಡಿಲ ಇದೆಯಾ?"

"ಅಳತೆ ಅಲ್ಲಮ್ಮ. ವಯಸ್ಸು."

ಮಗಳು ಕಣ್ಣನ್ನು ತೆಗೆದು ಬೆಳಕಿಗೆ ಹಿಡಿದಳು. ಬಿಳುಪಿನಲ್ಲಿ ನೀಲಿ ಇತ್ತು, ಐದು ವರ್ಷದ ಮಗುವಿನ ಬಿಳುಪು. ಅವಳು ಮೇಲಿನ ಪದರ ಉಜ್ಜಿ ತೆಗೆದು, ಹಳದಿಗೆ ಚೂರು ಕಂದು ಬೆರೆಸಿ ತೆಳ್ಳಗೆ ಒಂದು ಸಲ ಬಳಿದು, ಮತ್ತೆ ಪದರ ಹಾಕಿ ಮಾರನೆಯ ದಿನ ಕೊಟ್ಟಳು. ಅಂಚೆಯವರು ಕನ್ನಡಿ ನೋಡಿ ಕೈ ಮುಗಿದರು.

ಆಮೇಲೆ ಬಂದ ಕಣ್ಣೂ ನೀಲಿಯೇ. ಅದರಾಚೆಯದೂ. ಮೇಷ್ಟ್ರ ಕಣ್ಣಿಗೆ ಪೊರೆ ಬಂದು ಹಳದಿಗಟ್ಟಿತ್ತು. ಅವರಿಗೆ ಪ್ರಪಂಚವೆಲ್ಲ ಅಷ್ಟಷ್ಟು ಹಳದಿಯಾಗಿದ್ದರಿಂದ, ತಮ್ಮ ನೆನಪಿನ ಬಿಳುಪು ಬರುವ ತನಕ ಅವರು ನೀಲಿ ಸೇರಿಸುತ್ತ ಹೋಗುತ್ತಿದ್ದರು. ಅವರು ಊಟಕ್ಕೆ ಎದ್ದ ಹೊತ್ತಿನಲ್ಲಿ ಮಗಳು ಹಳದಿ ಬಳಿಯುತ್ತಿದ್ದಳು. ಊಟ ಮುಗಿಸಿ ಬಂದು ಅವರು ಕಣ್ಣನ್ನು ಕೈಯಲ್ಲಿ ಹಿಡಿದು ನೋಡಿ "ಚೆನ್ನಾಗಿ ಬಂದಿದೆ" ಎನ್ನುತ್ತಿದ್ದರು. ಯಾವ ದೋಷದಿಂದ ಅವರು ತಪ್ಪು ಮಾಡುತ್ತಿದ್ದರೋ ಅದೇ ದೋಷ ಅವಳ ತಿದ್ದುಪಡಿಯನ್ನು ಅವರಿಂದ ಮರೆಮಾಡಿತ್ತು.

ಇದನ್ನು ಬರೆದು ಮುಗಿಸಿ, ಕೊನೆಗೆ "ಇಂಥ ತ್ಯಾಗ" ಎಂಬ ಎರಡು ಪದ ಸೇರಿಸಿದೆ. ಮಗಳು ಒಪ್ಪಲಿಲ್ಲ.

"ತ್ಯಾಗ ಗೀಗ ಅಂತೆಲ್ಲಾ ಬರೀಬೇಡಿ. ನಂಗೆ ಹೇಳಕ್ಕೆ ಧೈರ್ಯ ಇರ್ಲಿಲ್ಲ. ಮೊದಲ್ನೇ ದಿನ ಹೇಳ್ಬೇಕಿತ್ತು, ಹೇಳ್ಲಿಲ್ಲ. ಎರಡ್ನೇ ದಿನ ಹೇಳಿದ್ರೆ ನಿನ್ನೆ ಯಾಕೆ ಹೇಳ್ಲಿಲ್ಲ ಅಂತಾರೆ ಅಂತ ಸುಮ್ನಾದೆ. ಹಂಗೇ ಎರಡು ವರ್ಷ ಆಗೋಯ್ತು."

"ಹಾಗಾದರೆ ದೊಡ್ಡ ಪರದೆ ತಂದದ್ದು?"

"ದೊಡ್ಡದಾಗಿ ತೋರಿಸಿದ್ರೆ ಅವರಿಗೇ ಕಾಣ್ಬಹುದು, ಅವರೇ ಸರಿಯಾಗಿ ಬರೀಬಹುದು ಅಂತ. ಆಗ ನಾನು ಬಳಿಯೋದು ನಿಲ್ಲಿಸಿಬಿಡ್ಬಹುದಿತ್ತು, ಯಾರಿಗೂ ಗೊತ್ತಾಗದ ಹಾಗೆ."

ತ್ಯಾಗ ಎಂಬ ಪದವನ್ನು ತೆಗೆದಿದ್ದೇನೆ.

೫

ಮೂರನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕಂಪ್ಯೂಟರ್ ಅಂಗಡಿಯವನು ಬಂದ. ಮಾತುಗಾರ. ಕೈಯಲ್ಲಿ ಒಂದು ದೊಡ್ಡ ಡಬ್ಬಿ.

ಟೈಲರಕ್ಕ ಆಗಲೇ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಅವಳ ಕಣ್ಣಿನ ಪಾಪೆ ಮುಗಿದಿತ್ತು, ನರ ಮುಗಿದಿತ್ತು, ಅಂದು ಬಿಳುಪು ಬರೆಯುವ ದಿನ. ಬರೆಯುವ ಮೊದಲು ಮೇಷ್ಟ್ರು ಯಾವಾಗಲೂ ಒಳಗಿನ ಕೋಣೆಯಲ್ಲಿ ಕೂತು, ಅವರ ತಾಯಿ ಹೇಳಿಕೊಟ್ಟ ಪದ್ಯವೊಂದನ್ನು ಮೆಲ್ಲಗೆ ಪೂರ್ತಿ ಹೇಳಿಕೊಳ್ಳುತ್ತಿದ್ದರು. ಅಂದೂ ಹೋಗಿದ್ದರು.

(ನಾನು ಆ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಲೇಖಕ ಒಳಗೆ ಹೋಗಬಹುದು, ಪಾತ್ರದ ತಲೆಯೊಳಗೂ ಇಳಿಯಬಹುದು. ಆದರೆ ಪದ್ಯ ಹೇಳುವವರ ಎದುರು ಬಾಗಿಲು ತಳ್ಳಿಕೊಂಡು ಹೋಗುವುದು ನನ್ನಿಂದ ಆಗುವುದಿಲ್ಲ. ಅರ್ಧ ಸಾಲಿನಲ್ಲಿ ಅವರು ನಿಂತರು, ಉಸಿರು ತೆಗೆದುಕೊಳ್ಳುವ ಜಾಗವಲ್ಲದ ಕಡೆ. ಎರಡು ದಿನದಿಂದ ಮಗಳು ಮಾತು ಕಡಿಮೆ ಮಾಡಿದ್ದಳು. ಒಂದು ಪರದೆಯ ಸಲುವಾಗಿ ಮನೆಯೊಳಗೆ ಇಷ್ಟು ಬಿಗಿ ಯಾಕೆ ಎಂದು ಅವರಿಗೆ ಅನ್ನಿಸಿರಬೇಕು. ಉಳಿದ ಅರ್ಧ ಸಾಲನ್ನು ಹೇಳಿ ಎದ್ದರು. ಆ ನಿಲುಗಡೆಯಲ್ಲೇ ಏನೋ ನಿರ್ಧಾರವಾಯಿತು ಎಂದು ನನ್ನ ಊಹೆ.)

ಇತ್ತ ಅಂಗಡಿಯವನು ಹಳೆಯ ಪರದೆಯನ್ನು ಒಂದು ಸಲ ನೋಡಿದ, ಅಷ್ಟೇ. "ಅಯ್ಯೋ, ಇದು ಕಣ್ಣಿಗೆ ಹೊಡೀತಿದೆ ಮೇಡಂ. ಪ್ಯಾನಲ್ ಅಂದ್ರೆ ಲಾಟರಿ ಇದ್ದ ಹಾಗೆ, ಒಂದೊಂದು ಹಿಂಗೇ ಬಂದ್ಬಿಡತ್ತೆ. ನೋಡಿ ಹೋಗೋಣ ಅಂತ ಬಂದೆ, ಇರ್ಲಿ ಅಂತ ಬೇರೆದೂ ತಂದಿದ್ದೆ. ಹಾಕೇ ಬಿಡ್ತೀನಿ." ಐದು ನಿಮಿಷದಲ್ಲಿ ಹಳೆಯದನ್ನು ಬಿಚ್ಚಿ, ಅದೇ ಥರದ ಇನ್ನೊಂದನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಪರದೆಯ ತುಂಬ ಬಿಳಿ ಹಾಕಿದ. ಹಳೆಯದು ಮೇಜಿನ ಕೆಳಗೆ ಗೋಡೆಗೆ ಒರಗಿತು. ಹೊಸದು ಅಂಚಿನಿಂದ ಅಂಚಿಗೆ ಒಂದೇ ಬಿಳುಪು.

"ಈಗ ತೊಳೆದ ಹಂಗಾಯ್ತು" ಎಂದಳು ಟೈಲರಕ್ಕ.

ಆಗ ಮೇಷ್ಟ್ರು ಒಳಗಿನಿಂದ ಬಂದರು. ಅಂಗಡಿಯವನನ್ನು ನೋಡಿದರು, ಮೇಜಿನ ಮೇಲಿನ ಪರದೆಯನ್ನು ನೋಡಿದರು. ನಕ್ಕರು. ಆ ನಗು ಅಂಗಡಿಯವನಿಗಲ್ಲ, ಮಗಳಿಗೆ.

"ನೀನು ಹೇಳಿದ್ದು ಸರಿ ಕಣೇ. ಈಗ ನಿಧಾನವಾಗಿ ನೋಡಿದೆ. ಎಡಗಡೆ ಹಳದಿ ಇದೆ. ಇಷ್ಟಗಲ." ಗೇಣು ಹಾಕಿ ತೋರಿಸಿದರು. "ನಂಗೂ ಕಾಣ್ತಿದೆ."

ಮಗಳ ಕಣ್ಣು ಮೇಜಿನ ಕೆಳಗಿನ ಹಳೆಯ ಪರದೆಯ ಕಡೆ ಹೋಯಿತು.

ಅಂಗಡಿಯವನು ಮೊದಲು ತಮಾಷೆ ಎಂದುಕೊಂಡ. ಆಮೇಲೆ ಅಲ್ಲ ಎಂದು ಅವನಿಗೂ ಹೊಳೆಯಿತು. "ಸಾರ್, ಅದು ಹೊಸದು. ಚೇಂಜ್ ಮಾಡಾಯ್ತು. ಹಳೇದು ಕೆಳಗಿದೆ."

ಮೇಷ್ಟ್ರ ಗೇಣು ಇನ್ನೂ ಪರದೆಯ ಮೇಲೇ ಇತ್ತು.

೬

ಇಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಅವರ ಗೇಣು ಅಲ್ಲೇ ಇತ್ತು, ನನಗೆ ಅದನ್ನು ಅಲ್ಲಿಂದ ತೆಗೆಸಲು ಬರಲಿಲ್ಲ. ಕೈ ಕೆಳಗಿಳಿಯಿತು ಎಂದು ಬರೆಯಲು ಎಷ್ಟು ಹೊತ್ತು ಬೇಕು? ಹದಿಮೂರು ದಿನ ಬೇಕಾಯಿತು.

ಹದಿಮೂರನೆಯ ದಿನ ಮೇಷ್ಟ್ರೇ ಮಾತಾಡಿದರು.

"ನಾನು ಸುಳ್ಳು ಹೇಳೋ ಮನುಷ್ಯ ಅಲ್ಲಪ್ಪ."

"ಗೊತ್ತು ಮೇಷ್ಟ್ರೇ."

"ಹಂಗಾದ್ರೆ ಯಾಕೆ ಹೇಳಿಸ್ದೆ?"

"ನಾನು ಹೇಳಿಸಲಿಲ್ಲ. ನೀವು ಹೇಳಿದಿರಿ, ನಾನು ಕೇಳಿಸಿಕೊಂಡೆ."

"ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿರ್ಲಿಲ್ಲ. ನಂಗೆ ಕಾಣ್ತಿದೆ ಅಂದ್ಬಿಟ್ರೆ ಮುಗೀತಲ್ಲ ಅಂದ್ಕೊಂಡೆ. ಹಂಗಂತ ಬರಿ."

"ಬರೆಯುತ್ತೇನೆ. ಅಷ್ಟೇ ಕಾರಣವೇ?"

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ನಾನು ಮತ್ತೆ ಕೇಳಲಿಲ್ಲ. ನೀವೂ ಕೇಳಬೇಡಿ.

೭

ಕೈ ಕೆಳಗಿಳಿಯಿತು.

"ಕೆಳಗಿರೋದನ್ನ ಮೇಲಿಡು" ಎಂದರು ಮೇಷ್ಟ್ರು. ಅಂಗಡಿಯವನು ಹಳೆಯ ಪರದೆಯನ್ನು ಎತ್ತಿ ಹೊಸದರ ಪಕ್ಕ ಇಟ್ಟು, ಅದಕ್ಕೂ ಬಿಳಿ ಹಾಕಿದ. ಎರಡು ಪರದೆ ಅಕ್ಕಪಕ್ಕ. ಮೇಷ್ಟ್ರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು, ಇನ್ನೊಂದಕ್ಕೆ ಹಿಡಿದು ನೋಡಿದರು.

"ಎರಡೂ ಒಂದೇ ಥರ ಇವೆ ಕಣೇ. ಎರಡೂ ಚೆನ್ನಾಗೇ ಇವೆ."

"ಡಾಕ್ಟರಿಗೆ ತೋರಿಸಿ ಸಾರ್" ಎಂದ ಅಂಗಡಿಯವನು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ನಮ್ಮ ಮಾವಂಗೂ ಹಿಂಗೇ ಆಗಿತ್ತು, ಪೊರೆ. ತೆಗೆಸಿದ್ಮೇಲೆ ಮನೆ ಗೋಡೆ ಯಾವಾಗ ಸುಣ್ಣ ಹೊಡೆಸಿದ್ರಿ ಅಂತ ಕೇಳಿದ್ರು. ನಿಮ್ಗೂ ಪ್ಯಾನಲ್ ಬದಲಾಯಿಸ್ಬೇಕು, ಅಷ್ಟೇ." ತಾನೇ ನಕ್ಕ, ಇನ್ನಾರೂ ನಗದಿದ್ದಾಗ ನಿಲ್ಲಿಸಿದ. ಕಾಗದಕ್ಕೆ ಮಗಳ ಸಹಿ ಹಾಕಿಸಿಕೊಂಡು, ಹಳೆಯ ಪರದೆಯನ್ನು ಡಬ್ಬಿಗೆ ಹಾಕಿ ಹೊತ್ತುಕೊಂಡು ಹೋದ. ಕತೆಯಿಂದಲೂ ಹೋದ. ಒಳ್ಳೆಯವನು.

ಮೇಷ್ಟ್ರು ತಮ್ಮ ಸ್ಟೂಲಿನ ಮೇಲೆ ಕೂತರು. ಎದುರಿಗೆ ಟೈಲರಕ್ಕನ ಚಿಪ್ಪು ಹತ್ತಿಯ ಮೇಲೆ ಇತ್ತು. ಪಾಪೆ ಇತ್ತು, ನರ ಇತ್ತು, ಬಿಳುಪು ಇರಲಿಲ್ಲ. ಅವರು ಅದನ್ನು ಮುಟ್ಟಲಿಲ್ಲ. ಲೆಕ್ಕ ಹಾಕುತ್ತಿದ್ದರು. ತಮಗೆ ಹಳದಿ ಕಾಣುವುದಿಲ್ಲ. ಇಂದು ಕಾಣುವುದಿಲ್ಲ ಎಂದರೆ ನಿನ್ನೆಯೂ ಕಂಡಿರಲಾರದು. ಹಾಗಾದರೆ ಎರಡು ವರ್ಷದಿಂದ ಒಂದು ಕಣ್ಣೂ ವಾಪಸ್ ಬರದೇ ಇದ್ದದ್ದು ಹೇಗೆ?

ತಮ್ಮ ಬದುಕಿನ ಅತಿ ದೊಡ್ಡ ಹೆಮ್ಮೆಯನ್ನು ಅವರು ಹೀಗೆ ಕೈಯಲ್ಲಿ ತಿರುಗಿಸಿ ನೋಡಿದರು. ಅದರ ಬೆನ್ನು ಕಂಡಿತು.

"ಎಷ್ಟು ದಿನದಿಂದ?" ಎಂದರು.

ಯಾವುದು ಎಂದು ಮಗಳು ಕೇಳಲಿಲ್ಲ.

"ಅಂಚೆಯವರ ಕಣ್ಣಿಂದ."

"ಅದಾದ್ಮೇಲೆ ಎಲ್ಲಾನೂ?"

"ಎಲ್ಲಾನೂ."

"ಆ ಸಂಗೀತದವರ ಮಗೂದು?"

"ಅದೊಂದು ಬಿಟ್ಟು. ಅದು ಮಗೂದು. ನೀಲೀನೇ ಸರಿ ಇತ್ತು."

ಮೇಷ್ಟ್ರು ಒಂದು ಬೆರಳು ಮಡಿಚಿದರು. ಎರಡು ವರ್ಷದಲ್ಲಿ ಒಂದು.

"ಹೇಳಬಾರ್ದಿತ್ತೇನೇ?"

"ಹೇಳ್ಬೇಕಿತ್ತು ಅಪ್ಪ."

ಟೈಲರಕ್ಕ ಕುರ್ಚಿಯಿಂದ ಅರ್ಧ ಎದ್ದಳು. "ನಾನು ಹೊರಗೆ ಕೂತಿರ್ಲಾ?"

"ಕೂತ್ಕೋ ತಾಯಿ" ಎಂದರು ಮೇಷ್ಟ್ರು. "ನಿನ್ನ ಕೆಲಸಾನೇ ಇಲ್ಲಿರೋದು."

೮

ಮುಗಿಸುವುದು ಹೇಗೆ? ನನ್ನ ಹತ್ತಿರ ಮೂರು ಕೊನೆಗಳಿವೆ.

ಮೊದಲನೆಯದು: ಮೇಷ್ಟ್ರು ಪೊರೆ ತೆಗೆಸಿಕೊಳ್ಳುತ್ತಾರೆ. ಪಟ್ಟಿ ಬಿಚ್ಚಿದ ಮೇಲೆ, ಕಳೆದುಹೋದರೆ ಕೊಡಲೆಂದು ಎತ್ತಿಟ್ಟಿದ್ದ ಈಚಿನ ಎರಡು ವರ್ಷದ ಬದಲಿ ಚಿಪ್ಪುಗಳ ಡಬ್ಬಿ ತೆರೆಯುತ್ತಾರೆ. ಒಂದೊಂದರ ಮೇಲೂ ಮಗಳ ಹಳದಿ ಈಗ ಅವರಿಗೆ ಕಾಣುತ್ತದೆ. ತಮಗಿಂತ ಅವಳ ಕೈಯೇ ಹದವಾಗಿದೆ ಎಂದು ಗೊತ್ತಾಗುತ್ತದೆ. ಕಣ್ಣಲ್ಲಿ ನೀರು. ಓದುಗರ ಕಣ್ಣಲ್ಲೂ. (ಬಹಳ ಚೆನ್ನಾಗಿದೆ, ಆದ್ದರಿಂದಲೇ ಅನುಮಾನ. ಆ ತನಕ ಟೈಲರಕ್ಕ ಆ ಕುರ್ಚಿಯ ಮೇಲೆ ಕೂತಿರಬೇಕೇ?)

ಎರಡನೆಯದು: ಅವರು ಕುಂಚ ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಾರೆ. "ಇನ್ಮೇಲೆ ನೀನೇ" ಎನ್ನುತ್ತಾರೆ. ಗಂಭೀರವಾಗಿದೆ. ಇದನ್ನು ಓದಿ ಹೇಳಿದಾಗ ಮಗಳು ಎದ್ದು ಹೋದಳು. "ನಂಗೆ ಪಾಪೆ ಬರಿಯಕ್ಕೆ ಬರಲ್ಲ. ಅವರಷ್ಟು ಸಣ್ಣ ಗೆರೆ ನನ್ನ ಕೈಲಿ ಆಗಲ್ಲ. ನಾನು ಎರಡು ವರ್ಷ ಮುಚ್ಚಿಟ್ಟಿದ್ದು ಕುಂಚ ಕಿತ್ಕೊಳಕ್ಕಾ?" ಎಂದು ಬಾಗಿಲಿನಿಂದ ಕೂಗಿದಳು.

ಮೂರನೆಯದನ್ನು ನಾನು ಯೋಚಿಸಿದ್ದಲ್ಲ. ಕುರ್ಚಿಯಿಂದ ಬಂತು.

"ಮೇಷ್ಟ್ರೇ" ಎಂದಳು ಟೈಲರಕ್ಕ. "ಒಂದು ಕಣ್ಣು ಹೋದ್ಮೇಲೆ ನಂಗೆ ಸೂಜಿಗೆ ದಾರ ಪೋಣ್ಸಕ್ಕೆ ಆಗಲ್ಲ. ದಾರ ಸೂಜಿ ಹಿಂದೆ ಹೋಗ್ತಿದೆಯೋ ಮುಂದೆ ಹೋಗ್ತಿದೆಯೋ ಗೊತ್ತಾಗಲ್ಲ. ಮೊದಲ್ನೇ ತಿಂಗಳು ಅಂಗಡಿ ಮುಚ್ಚಿ ಮನೇಲಿ ಕೂತಿದ್ದೆ. ಈಗ ಪಕ್ಕದ ಬಳೆ ಅಂಗಡಿಯವಳು ಬೆಳಗ್ಗೆ ಬಂದು ಹತ್ತು ಸೂಜಿಗೆ ಪೋಣ್ಸಿ ಇಟ್ಟು ಹೋಗ್ತಾಳೆ. ದಿನ ಪೂರ್ತಿ ಹೊಲೀತೀನಿ."

"ಹೊಲಿಗೆ ಬೇರೆ ತಾಯಿ."

"ಏನು ಬೇರೆ? ನಾನು ಪೋಣ್ಸಿಲ್ಲ ಅಂತ ರವಿಕೆ ಅವಳದ್ದಾಗತ್ತಾ?"

ಮೇಷ್ಟ್ರು ಹತ್ತಿಯ ಮೇಲಿನ ಚಿಪ್ಪನ್ನೇ ನೋಡುತ್ತಿದ್ದರು.

"ಮತ್ತೆ ಒಂದು ಮಾತು" ಎಂದಳು ಆಕೆ. "ಬಳೆಯವಳು ನನ್ನ ಎದುರಿಗೇ ಪೋಣ್ಸೋದು. ನಾನು ಊಟಕ್ಕೆ ಹೋದಾಗ ಅಲ್ಲ."

ಮಗಳು ತಲೆ ತಗ್ಗಿಸಿದಳು.

೯

ಈ ಭಾಗವನ್ನು ನಿಧಾನವಾಗಿ ಓದಿ. ನಾನೂ ನಿಧಾನವಾಗಿ ಬರೆಯುತ್ತಿದ್ದೇನೆ. ಪದ್ಯ ಕೇಳುತ್ತಿದ್ದಾಗ ಹಿರಿಯರು ಹೇಳುತ್ತಿದ್ದರು, ಅರ್ಥವಾಗದಿದ್ದರೂ ಪರವಾಗಿಲ್ಲ, ಅವಸರ ಮಾಡಬೇಡಿ ಎಂದು.

ಮೇಷ್ಟ್ರು ಕುಂಚ ತೆಗೆದುಕೊಂಡರು. ಬಿಳಿ ಬಣ್ಣದ ಬಟ್ಟಲನ್ನು ಹತ್ತಿರ ಎಳೆದರು. ಅಭ್ಯಾಸದ ಮೇಲೆ ಕುಂಚ ನೀಲಿಯ ಕಡೆ ಹೋಯಿತು, ಅಲ್ಲೇ ನಿಂತಿತು.

"ಬಾ" ಎಂದರು. "ನನ್ನ ಎಡಗಡೆ ಕೂತ್ಕೋ."

ಮಗಳು ಸ್ಟೂಲ್ ಎಳೆದುಕೊಂಡು ಕೂತಳು.

"ಡಾಕ್ಟರ ಹತ್ರ ಯಾವಾಗ ಹೋಗೋಣ ಅಪ್ಪ?"

"ಡಾಕ್ಟರು ಎಲ್ಲೂ ಓಡಿಹೋಗಲ್ಲ. ಈಯಮ್ಮ ಬೆಳಗ್ಗೆಯಿಂದ ಕೂತಿದ್ದಾಳೆ." ಚಿಪ್ಪನ್ನು ಎಡಗೈಯ ಬೆರಳತುದಿಗೆ ಏರಿಸಿಕೊಂಡರು. "ನಂಗೆ ಕಾಣಲ್ಲ. ನೀನು ನೋಡಿ ಹೇಳು. ಹೇಳಿದ ಹಾಗೆ ಬರೀತೀನಿ. ಕೇಳಿಸ್ಕೊಂಡು ಕಲಿತವನು ನಾನು. ನನ್ನಮ್ಮಂಗೆ ಅಕ್ಷರ ಬರ್ತಿರ್ಲಿಲ್ಲ, ಅಷ್ಟೂ ಪದ್ಯ ಬಾಯಲ್ಲೇ ಹೇಳ್ಕೊಟ್ಳು."

ಮಗಳು ಟೈಲರಕ್ಕನ ಬಲಗಣ್ಣನ್ನು ನೋಡಿದಳು, ಪರದೆಯನ್ನಲ್ಲ, ಕಣ್ಣನ್ನು. ಅಪ್ಪನ ಕೈಯಲ್ಲಿದ್ದ ಚಿಪ್ಪನ್ನು ನೋಡಿದಳು. ಅವಳ ಕೈ ತಾನೇ ಹಳದಿಯ ಬಟ್ಟಲಿನ ಕಡೆ ಹೋಯಿತು. ಎರಡು ವರ್ಷ ಮಾತಿಲ್ಲದೆ ಮಾಡಿದ ಕೆಲಸ ಅದು.

"ಹೇಳೇ."

"ಹಳದಿ. ಸೂಜಿ ಮೊನೆಯಷ್ಟು."

ಅವರು ಬೆರೆಸಿದರು. "ಹೂಂ?"

"ಇನ್ನೊಂದು ಚೂರು."

"ಹೂಂ."

"ಈಗ ಕಂದು. ತುಂಬಾ ಕಡಿಮೆ. ಕುಂಚ ಮುಟ್ಟಿಸಿ ತೆಗೀರಿ ಸಾಕು. ಮೂಗಿನ ಕಡೆ ಸ್ವಲ್ಪ ಜಾಸ್ತಿ. ಅಲ್ಲಿ ಅವರಿಗೆ ಟೀ ಬಣ್ಣ ಇದೆ."

"ನನ್ನ ಕಣ್ಣಲ್ಲಿ ಟೀ ಇದೆಯಾ?" ಎಂದಳು ಟೈಲರಕ್ಕ.

"ಅಲ್ಲಾಡಬೇಡಿ ಅಕ್ಕ."

ಮೇಷ್ಟ್ರು ಬಳಿಯುತ್ತ ಹೋದರು. ಹಳದಿ ಹಾಕಿದಾಗ ಅವರಿಗೆ ಏನೂ ಕಾಣಲಿಲ್ಲ. ಕುಂಚ ಒದ್ದೆಯಾಗಿ ಹರಿದದ್ದು ಗೊತ್ತಾಯಿತು, ಅಷ್ಟೇ. ಬರಿಯ ನೀರಿನಲ್ಲಿ ಬರೆದ ಹಾಗೆ. ಆದರೂ ಕೈ ತಪ್ಪಲಿಲ್ಲ. ರೇಷ್ಮೆಯ ನರಗಳ ನಡುವೆ, ಒಂದನ್ನೂ ಮುಳುಗಿಸದೆ, ಪಾಪೆಯ ಅಂಚಿಗೆ ಬಂದು ನಿಂತು ಹಿಂದಕ್ಕೆ ಸರಿಯುವ ಆ ಹದ ಮಗಳಿಗೆ ಇರಲಿಲ್ಲ. ಎರಡು ವರ್ಷದಿಂದ ತಾನು ಬಳಿದಾಗಲೆಲ್ಲ ಒಂದೆರಡು ನರ ಮಸುಕಾಗುತ್ತಿದ್ದವು ಎಂಬುದು ಅವಳಿಗೆ ಗೊತ್ತಿತ್ತು. ಅದನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು.

"ಗೊತ್ತು" ಎಂದರು ಮೇಷ್ಟ್ರು, ತಲೆ ಎತ್ತದೆ. "ನರ ಕಾಣತ್ತೆ ನಂಗೆ. ಪದರ ಹಾಕುವಾಗ ಒತ್ತಿದ್ದೀಯ ಅಂದ್ಕೊಂಡಿದ್ದೆ. ಬೇಜಾರು ಮಾಡ್ಕೋತೀಯ ಅಂತ ಹೇಳಿರ್ಲಿಲ್ಲ."

(ಈ ಮಾತು ನನಗೆ ಗೊತ್ತಿರಲಿಲ್ಲ. ಬರೆಯುವಾಗಲೇ ಕೇಳಿದ್ದು.)

೧೦

ಇನ್ನು ಉಳಿದಿರುವುದು ಇಷ್ಟೇ, ಆ ಬಿಳುಪು ಹೊಂದಿತೋ ಇಲ್ಲವೋ. ಒಂದು ವಾಕ್ಯದಲ್ಲಿ ಹೇಳಿಬಿಡಬಹುದು. ಹೇಳಿದರೆ ನೀವು ಪುಟ ಮಡಿಚಿಟ್ಟು ಏಳುತ್ತೀರಿ. ಏಳುವ ಮುಂಚೆ ಎಡಗಡೆಯ ಪುಟವನ್ನೂ ಬಲಗಡೆಯ ಪುಟವನ್ನೂ ಒಮ್ಮೆ ಹೋಲಿಸಿ ನೋಡಿ. ಎರಡೂ ಒಂದೇ ಬಿಳುಪು ಕಂಡರೆ ಸಂತೋಷ. ಆದರೂ ಪಕ್ಕದಲ್ಲಿ ಯಾರಾದರೂ ಇದ್ದರೆ ಅವರನ್ನೂ ಒಂದು ಮಾತು ಕೇಳಿ.

ನಾನು ಆ ಕೋಣೆಯನ್ನು ಬಿಟ್ಟದ್ದು ಹೀಗೆ. ಟೈಲರಕ್ಕ ಅಲ್ಲಾಡದೆ ಕೂತಿದ್ದಾಳೆ, ತೆರೆದ ಕಣ್ಣು ಒಂದೇ ಕಡೆ ನೆಟ್ಟಿದೆ. ಹೊಸ ಪರದೆ ಮೇಜಿನ ಮೇಲೆ ಅಂಚಿನಿಂದ ಅಂಚಿಗೆ ಬೆಳ್ಳಗಿದೆ, ಅದನ್ನು ಯಾರೂ ನೋಡುತ್ತಿಲ್ಲ. ಮೇಷ್ಟ್ರು ಕುಂಚ ಎತ್ತಿದ್ದಾರೆ.

"ಸಾಕಾ?" ಎಂದರು.

ಮಗಳು ಕೂಡಲೇ ಹೂಂ ಅನ್ನಲಿಲ್ಲ. ಚಿಪ್ಪನ್ನು ಅವರ ಬೆರಳಿನಿಂದ ತನ್ನ ಬೆರಳಿಗೆ ತೆಗೆದುಕೊಂಡಳು.

"ತಾಳಿ ಅಪ್ಪ. ಬೆಳಕಿಗೆ ಹಿಡಿದು ನೋಡ್ತೀನಿ" ಎಂದು, ಮೂರು ದಿನದಿಂದ ಮುಚ್ಚಿದ್ದ ಕಿಟಕಿಯ ಕಡೆ ಹೋದಳು.